ಜೀಪಿನ ಸ್ಟೇರಿಂಗ್ ಬಾಕ್ಸು, ಮಲೆನಾಡಿನ ಕೈಗುಣ
ಎರಡನೇ ಮಹಾಯುದ್ಧಕ್ಕೆಂದು ಹುಟ್ಟಿದ ವಿಲ್ಲೀಸ್ ಜೀಪನ್ನು 1940ರ ದಶಕದ ಕೊನೆಗೆ ಮಹೀಂದ್ರಾ ಕಂಪನಿ ಮುಂಬಯಿಯಲ್ಲಿ ಜೋಡಿಸತೊಡಗಿತು. ಮಲೆನಾಡಿನ ಹೊಸನಗರ ತಾಲ್ಲೂಕಿನ ಕೊಡಚಾದ್ರಿಯ ಕಲ್ಲುದಾರಿಯಲ್ಲಿ ಆ ಜೀಪಿನ ಸ್ಟೇರಿಂಗ್ ಬಾಕ್ಸು ಪಡುವ ಪಾಡು ಅಷ್ಟಿಷ್ಟಲ್ಲ.

ಬಾಕ್ಸಿನಿಂದ ಎಣ್ಣೆ ಸೋರತೊಡಗಿದರೆ ಬರೀ ಆಯಿಲ್ ಸೀಲ್ ಬದಲಿಸಿ ಪ್ರಯೋಜನವಿಲ್ಲ. ಸಾಗರ, ತೀರ್ಥಹಳ್ಳಿ ಸೀಮೆಯ ಪಳಗಿದ ಮೆಕ್ಯಾನಿಕ್ ಮೊದಲು ಡ್ರಾಪ್ ಆರ್ಮ್ ಬಿಚ್ಚಿ, ಅದು ಕೂರುವ ಸೆಕ್ಟರ್ ಶಾಫ್ಟ್ ಹಿಡಿದು ಅಲ್ಲಾಡಿಸಿ ನೋಡುತ್ತಾನೆ. ಶಾಫ್ಟನ್ನು ಹಿಡಿದಿಡುವ ಬುಷ್ ಸವೆದಿದ್ದರೆ ಶಾಫ್ಟ್ ಓಲಾಡಿ ಹೊಸ ಸೀಲನ್ನೂ ಕೆಡಿಸುತ್ತದೆ. ಹಾಗಾಗಿ ಮೊದಲು ಹೊಸ ಬುಷ್, ಅಳತೆಗೆ ರೀಮರ್, ಆಮೇಲೆ ಸೀಲ್. ಶಿಮ್ ಎಂಬ ತೆಳು ಪದರಗಳನ್ನು ಒಂದೊಂದೇ ತೆಗೆದು ಸ್ಟೇರಿಂಗಿನ ಸಡಿಲ ಆಟ ಕಡಿಮೆ ಮಾಡುತ್ತಾನೆ. ಗಟ್ಟಿ ಗ್ರೀಸ್ ತುರುಕದೆ ಗೇರ್ ಆಯಿಲನ್ನೇ ಹಾಕುತ್ತಾನೆ. ಯಾಕೆಂದರೆ ಪಕ್ಕಕ್ಕೆ ಸರಿದ ಗ್ರೀಸ್, ಶಾಫ್ಟನ್ನು ತಿರುಗಿಸುವ ಕ್ಯಾಮಿಗೆ ಮರಳಿ ಬಾರದು.

ಮೂಲ ಹುಡುಕಿ ರಿಪೇರಿ ಮಾಡುವ ಇಂಥ ಕೈಗಳಿಂದಲೇ ಹಳೇ ಜೀಪುಗಳು ಇವತ್ತೂ ಘಾಟಿ ಹತ್ತುತ್ತಿವೆ. ಆ ಕಸುಬಿಗೆ ನನ್ನ ಮನಸಾರೆ ಮೆಚ್ಚುಗೆ.