ಬೇಡ ಎನ್ನುವ ಹಕ್ಕು ಮತ್ತು ಪಾರೋ ಕಣಿವೆಯ ಮೂಲಂಗಿ

ಹೊರದೇಶಕ್ಕೆ ಸೇವೆಗೆಂದು ಹೊರಟವರು ಓದಲೇಬೇಕಾದ ಭಾಷಣವೊಂದಿದೆ. 1968ರ ಏಪ್ರಿಲ್ 20ರಂದು ಇವಾನ್ ಇಲಿಚ್ ಅದನ್ನು ಮಾಡಿದರು. ಕೇಳುತ್ತಿದ್ದವರು ಬೇಸಿಗೆ ರಜೆಯಲ್ಲಿ ಮೆಕ್ಸಿಕೋದ ಹಳ್ಳಿಗಳಿಗೆ ನೆರವಾಗಲು ಬರುತ್ತಿದ್ದ ಅಮೆರಿಕದ ವಿದ್ಯಾರ್ಥಿಗಳು. ಪ್ರವಾಸಿಗರಾಗಿ, ಕಲಿಯುವವರಾಗಿ ಅವರು ಬರುವುದಕ್ಕೆ ಇಲಿಚ್‌ರ ತಕರಾರಿರಲಿಲ್ಲ. ಉಪಕಾರಿಗಳಾಗಿ ಬರುವುದಕ್ಕೆ ಇತ್ತು. ಊರಿನ ಭಾಷೆಯೇ ಬಾರದವನಿಗೆ ತಾನು ಅಲ್ಲಿ ಬೇಡವಾಗಿದ್ದೇನೆ ಎಂಬುದೂ ತಿಳಿಯುವುದಿಲ್ಲ. ಸೇವೆ ಮಾಡಲೇಬೇಕೆಂದರೆ ನಿನ್ನನ್ನು ಮುಖಕ್ಕೆ ಹೊಡೆದಂತೆ ಆಚೆಗಟ್ಟಬಲ್ಲವರ ನಡುವೆ, ನಿನ್ನದೇ ಊರಿನಲ್ಲಿ ಮಾಡು ಎಂಬುದು ಅವರ ವಾದದ ತಿರುಳು.

ಶಾಲೆಯನ್ನೇ ಪ್ರಶ್ನಿಸಿದ ಚಿಂತಕ ಎಂದು ನಾವು ಇಲಿಚ್‌ರನ್ನು ಬಲ್ಲೆವು. ಆದರೆ ನನ್ನ ಮಟ್ಟಿಗೆ ಅವರ ಅತ್ಯಂತ ಹರಿತವಾದ ಮಾತು ಇದು. ಸೇವೆಯ ಚರ್ಚೆಗಳೆಲ್ಲ ಕೊಡುವವನ ಒಳ್ಳೆಯ ಮನಸ್ಸಿನ ಸುತ್ತಲೇ ತಿರುಗುತ್ತವೆ. ಇಲಿಚ್ ಮಾತ್ರ, ಪಡೆಯುವವನಿಗೆ ಬೇಡ ಎನ್ನಲು ಸಾಧ್ಯವೇ ಎಂದು ಕೇಳಿದರು. ಆ ಪ್ರಶ್ನೆಗೆ ಐವತ್ತು ವರ್ಷಗಳ ನಂತರವೂ ತುಕ್ಕು ಹಿಡಿದಿಲ್ಲ.

ಆದರೂ ಇಲಿಚ್‌ರ ತೀರ್ಪು ಕಸುಬು ಗೊತ್ತಿಲ್ಲದ ಹುಡುಗ ಹುಡುಗಿಯರನ್ನು ಮುಂದಿಟ್ಟುಕೊಂಡು ಹೇಳಿದ್ದು. ಕೈಯಲ್ಲಿ ವಿದ್ಯೆಯಿದ್ದವರಿಗೆ ಅದು ಹಾಗೇ ಅನ್ವಯಿಸುತ್ತದೆಯೇ? ಇದಕ್ಕೆ ನಾನು ಭೂತಾನದ ಕಡೆ ನೋಡುತ್ತೇನೆ.

ಜಪಾನಿನ ಕೃಷಿ ತಜ್ಞ ಕೇಜಿ ನಿಶಿಯೋಕಾ 1964ರಲ್ಲಿ ದೇಶಗಳ ನಡುವಿನ ನೆರವಿನ ಕೊಲಂಬೋ ಯೋಜನೆಯಡಿ ಹೆಂಡತಿಯೊಡನೆ ಭೂತಾನಕ್ಕೆ ಬಂದರು. ಕಟ್ಟುನಿಟ್ಟಾಗಿ ಹೇಳಿದರೆ ಅವರು ಸಂಬಳದ ತಜ್ಞರು, ಸ್ವಯಂಸೇವಕರಲ್ಲ. ಬಂದದ್ದು ಎರಡು ವರ್ಷಕ್ಕೆ, ಉಳಿದದ್ದು ಇಪ್ಪತ್ತೆಂಟು ವರ್ಷ. ಮೊದಲಿಗೆ ಸಿಕ್ಕಿದ್ದು ಒಂದು ಚೂರು ನೆಲ, ಕಲಿಯಲು ಮೂವರು ಹುಡುಗರು. ಆ ಚೂರಿನಲ್ಲಿ ಅವರು ಬೆಳೆದ ಮೂಲಂಗಿ, ತರಕಾರಿಗಳು ಜನರ ಕಣ್ಣಿಗೆ ಬಿದ್ದ ಮೇಲೆಯೇ ಪಾರೋ ಕಣಿವೆಯಲ್ಲಿ ದೊಡ್ಡ ತೋಟ ಸಿಕ್ಕಿತು. ಮುಂದೆ ಭತ್ತದ ಸಾಲು ನಾಟಿ ಬಂತು. ಸಾಲಿನ ನಡುವೆ ಕಳೆ ತೆಗೆಯುವ ಯಂತ್ರ ತಳ್ಳಿಕೊಂಡು ಹೋಗಬಹುದು ಎಂದರೆ ಏನೆಂದು ಮಂಡ್ಯದ ರೈತನಿಗೆ ಯಾರೂ ವಿವರಿಸಬೇಕಿಲ್ಲ. ಪಾರೋದ ರೈತನಿಗೂ ಬೇಕಿರಲಿಲ್ಲ.

ಇಲ್ಲಿಯೇ ಇಲಿಚ್ ಕಾಣದೆ ಬಿಟ್ಟದ್ದಿದೆ. ಉಪದೇಶವನ್ನು ಹಳ್ಳಿಯವನು ತಲೆಯಾಡಿಸಿ ಕೇಳಿ ಸುಮ್ಮನಾಗಬಹುದು. ಗದ್ದೆಯ ಪೈರನ್ನು ಅವನು ಯಾರ ಹಂಗೂ ಇಲ್ಲದೆ ಅಳೆಯುತ್ತಾನೆ. ಚೆನ್ನಾಗಿದ್ದರೆ ಬೀಜ ಕೇಳುತ್ತಾನೆ, ಇಲ್ಲದಿದ್ದರೆ ಹಳೆಯ ಪದ್ಧತಿಗೆ ಮರಳುತ್ತಾನೆ. ಬೇಡ ಎನ್ನಲು ಅವನಿಗೆ ಜಪಾನಿ ಭಾಷೆ ಬರಬೇಕಿಲ್ಲ. ಕಸುಬಿನ ವಿದ್ಯೆಗೆ ಇರುವ ದೊಡ್ಡ ಗುಣ ಇದು: ಅದು ತನ್ನನ್ನು ತಿರಸ್ಕರಿಸುವ ಅವಕಾಶವನ್ನು ಪಡೆಯುವವನ ಕೈಗೇ ಕೊಡುತ್ತದೆ. ಕೊಟ್ಟವನು ಆ ತಿರಸ್ಕಾರ ಕೇಳುವಷ್ಟು ದಿನ ಅಲ್ಲಿರಬೇಕು, ಅಷ್ಟೆ.

ಇರದಿದ್ದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಊರೂರಿನ ಕೈಪಂಪಿನ ಚರಿತ್ರೆಯೇ ಇದೆ. 1960ರ ದಶಕದ ಬರಗಾಲದಲ್ಲಿ ಯುನಿಸೆಫ್ ನೆರವಿನ ಯಂತ್ರಗಳು ಗಟ್ಟಿ ಬಂಡೆಯಲ್ಲೂ ಕೊಳವೆಬಾವಿ ಕೊರೆದವು. ಮೇಲೆ ಕೂರಿಸಿದ್ದು ಎರಕದ ಕಬ್ಬಿಣದ ಪಂಪು, ಪಶ್ಚಿಮದ ದೇಶಗಳಲ್ಲಿ ಒಂದು ಮನೆಯವರು ಬಳಸುವ ಪಂಪಿನ ನಕಲು. ಇಡೀ ಊರು ಬೆಳಗಿನಿಂದ ರಾತ್ರಿಯವರೆಗೆ ಒತ್ತಿದರೆ ಅದು ಮುರಿಯದೆ ಇನ್ನೇನು? ಮುರಿದ ಹೊತ್ತಿಗೆ ಕೊರೆದವರು ಮುಂದಿನ ಊರಲ್ಲಿದ್ದರು. ಪರಿಹಾರ ಹುಟ್ಟಿದ್ದು ಮಹಾರಾಷ್ಟ್ರದ ಜಾಲ್ನಾ, ಸೊಲ್ಲಾಪುರಗಳಲ್ಲಿ. ಅಲ್ಲಿ ನೆಲೆನಿಂತಿದ್ದ ಮಿಷನ್ ಸಂಸ್ಥೆಗಳ ತಂತ್ರಜ್ಞರೂ ಸ್ಥಳೀಯ ಮೆಕ್ಯಾನಿಕ್‌ಗಳೂ ಮುರಿದದ್ದನ್ನು ಮತ್ತೆ ಮತ್ತೆ ಬಿಚ್ಚಿ ನೋಡಿ, ಉಕ್ಕಿನ ಪಂಪು ಮಾಡಿದರು. ಅದನ್ನೇ ತಿದ್ದಿ 1970ರ ದಶಕದ ಕೊನೆಗೆ ಬಂದದ್ದು ಇಂಡಿಯಾ ಮಾರ್ಕ್ 2. ಆಮೇಲೆ ಅದು ಆಫ್ರಿಕಾಕ್ಕೂ ಹೋಯಿತು. ಬಿಡಿಭಾಗ ಸಿಗದ, ರಿಪೇರಿಯವನಿಲ್ಲದ ಅಲ್ಲಿನ ಹಳ್ಳಿಗಳಲ್ಲಿ ಅದೂ ಕೆಟ್ಟು ನಿಂತಿತು ಎಂಬುದನ್ನು ಮರೆಯಬಾರದು.

ಇಷ್ಟು ಹೇಳಿ ನಿಶಿಯೋಕಾರನ್ನು ಪ್ರಶ್ನಾತೀತರನ್ನಾಗಿಸಲು ನಾನು ಸಿದ್ಧನಿಲ್ಲ. 1976ರಲ್ಲಿ ಅವರು ದಕ್ಷಿಣದ ಪನ್‌ಬಾಂಗ್ ಪ್ರದೇಶಕ್ಕೆ ಹೋದರು. ಅಲ್ಲಿಯವರದು ಕಾಡು ಕಡಿದು ಸುಟ್ಟು ಬಿತ್ತುವ ಬೇಸಾಯ, ನಮ್ಮ ಉತ್ತರ ಕನ್ನಡದ ಕುಮರಿಯಂಥದ್ದು. ಅವರನ್ನು ಶಾಶ್ವತ ಗದ್ದೆಗೆ ಒಗ್ಗಿಸುವುದು ಯೋಜನೆ. ನಿಶಿಯೋಕಾ ಅಲ್ಲಿ ದೊಡ್ಡ ಯಂತ್ರಗಳನ್ನು ತರಲಿಲ್ಲ. ಊರವರೇ ಕಟ್ಟಿ, ಊರವರೇ ದುರಸ್ತಿ ಮಾಡಿಕೊಳ್ಳಬಹುದಾದ ಕಾಲುವೆ, ತಂತಿಯ ತೂಗುಸೇತುವೆಗಳನ್ನು ಆರಿಸಿಕೊಂಡರು, ಜನರೊಡನೆ ಕೂತು ಮಾತಾಡಿದರು. ಇದು ಅವರ ದೊಡ್ಡತನ. ಆದರೆ ಬೆನ್ನ ಹಿಂದೆ ಅರಮನೆಯೂ ಸರ್ಕಾರವೂ ಇದ್ದ ಮನುಷ್ಯನಿಗೆ ಕಾಡಿನ ಬೇಸಾಯಗಾರ ನನಗೆ ನನ್ನ ಪದ್ಧತಿಯೇ ಸಾಕು ಎನ್ನಬಹುದಿತ್ತೇ? ಮೂಲಂಗಿಯನ್ನು ನಿರಾಕರಿಸಿದಷ್ಟು ಸುಲಭವಾಗಿ ರಾಜ್ಯದ ಯೋಜನೆಯನ್ನು ನಿರಾಕರಿಸಲಾಗದು. ಕನ್ನಡ ಜಿಲ್ಲೆಯಲ್ಲಿ ಬ್ರಿಟಿಷರು ಕುಮರಿಗೆ ಕಡಿವಾಣ ಹಾಕಿದಾಗಲೂ ಕುಮರಿಯವರ ಮಾತು ನಡೆದಿರಲಿಲ್ಲ. ಇಲಿಚ್‌ರ ಪ್ರಶ್ನೆ ಇಲ್ಲಿ ಮತ್ತೆ ಎದ್ದು ನಿಲ್ಲುತ್ತದೆ, ಅದಕ್ಕೆ ನಿಶಿಯೋಕಾರ ಬದುಕಿನಲ್ಲೂ ಪೂರ್ತಿ ಉತ್ತರವಿಲ್ಲ.

ಭೂತಾನದ ದೊರೆ 1980ರಲ್ಲಿ ಅವರಿಗೆ ದಾಶೋ ಬಿರುದು ಕೊಟ್ಟರು. 1992ರಲ್ಲಿ ತೀರಿಕೊಂಡಾಗ ಸರ್ಕಾರಿ ಗೌರವದ ಅಂತ್ಯಸಂಸ್ಕಾರವಾಯಿತು. ಇಂಥ ಇಪ್ಪತ್ತೆಂಟು ವರ್ಷಗಳನ್ನು ಎಲ್ಲರಿಂದ ನಿರೀಕ್ಷಿಸಲಾಗದು. ಬ್ರಿಟನ್ನಿನ ಸ್ವಯಂಸೇವಕ ಸಂಸ್ಥೆ ವಿ.ಎಸ್.ಒ. 1958ರಲ್ಲಿ ಶುರುವಾದಾಗ ಶಾಲೆ ಮುಗಿಸಿದ ಹದಿನೆಂಟರ ಹುಡುಗರನ್ನು ಕಳಿಸುತ್ತಿತ್ತು. ಕ್ರಮೇಣ ಕಸುಬಿನಲ್ಲಿ ಅನುಭವ ಇದ್ದವರನ್ನೇ ಕಳಿಸತೊಡಗಿತು. ಜಪಾನ್ 1965ರಲ್ಲಿ ಆರಂಭಿಸಿದ ಸ್ವಯಂಸೇವಕ ದಳದವರು ಸಾಮಾನ್ಯವಾಗಿ ಎರಡು ವರ್ಷ ಇರುತ್ತಾರೆ. ಎರಡು ವರ್ಷವೆಂದರೆ ಒಂದು ಬೆಳೆ ಸೋತು ಇನ್ನೊಂದು ಗೆಲ್ಲುವಷ್ಟು ಕಾಲ. ನನ್ನ ಕನಿಷ್ಠ ಅಳತೆ ಅದು. ರಜೆಯ ಎರಡು ವಾರಕ್ಕೆ ದುಡ್ಡು ಕಟ್ಟಿ ಹೋಗಿ ಗೋಡೆ ಕಟ್ಟಿ, ಫೋಟೋ ತೆಗೆಸಿಕೊಂಡು ಬರುವ ಪದ್ಧತಿಯನ್ನು ನಾನು ಸಂಪೂರ್ಣ ತಿರಸ್ಕರಿಸುತ್ತೇನೆ; ಆ ಊರಿನ ಗಾರೆಯವನ ಕೂಲಿಯನ್ನು ಅದು ಕಸಿಯುತ್ತದೆ.

ಬೆಂಗಳೂರಿನ ಎಂಜಿನಿಯರುಗಳು, ನಿವೃತ್ತ ನರ್ಸುಗಳು, ಐಟಿಐ ಮೇಷ್ಟರುಗಳು ಈಗ ಇಂಥ ಕೆಲಸಕ್ಕೆ ಮನಸ್ಸು ಮಾಡುತ್ತಿದ್ದರೆ ನನಗೆ ಸಂತೋಷವೇ. ಹೊರಡುವ ಮೊದಲು ಕಳಿಸುವ ಸಂಸ್ಥೆಯನ್ನು ಮೂರು ಮಾತು ಕೇಳಿ. ನನ್ನನ್ನು ಕರೆದವರು ಯಾರು? ಅಲ್ಲಿಯ ಭಾಷೆ ಕಲಿಯಲು ಎಷ್ಟು ತಿಂಗಳು ಕೊಡುತ್ತೀರಿ? ನನ್ನ ಕೆಲಸ ಬೇಡವೆಂದು ಆ ಊರಿನವರು ಯಾರ ಹತ್ತಿರ ಹೇಳಬೇಕು? ಮೂರನೆಯದಕ್ಕೆ ಉತ್ತರ ಸಿಗದಿದ್ದರೆ ದಯವಿಟ್ಟು ಹೋಗಬೇಡಿ.