ಒಳಗೇನಿದೆ ಸಾರ್?

ಕೊರಿಯರ್ ಅಂಗಡಿಯ ಹುಡುಗ ಪಾರ್ಸೆಲನ್ನು ತಕ್ಕಡಿಯ ಮೇಲಿಟ್ಟು, ತಲೆಯೆತ್ತದೆ ಕೇಳುವ ಪ್ರಶ್ನೆ ಒಂದೇ: 'ಒಳಗೇನಿದೆ ಸಾರ್?' ಹಳೆಯ ವಾಚು ಮಾರುವ ಬಹಳಷ್ಟು ಮಂದಿ ಇಲ್ಲಿ ಸುಳ್ಳು ಹೇಳುತ್ತಾರೆ. ಡಾಕ್ಯುಮೆಂಟ್ ಅನ್ನುತ್ತಾರೆ, ಗಿಫ್ಟ್ ಐಟಂ ಅನ್ನುತ್ತಾರೆ. ಬೆಲೆ ಎಷ್ಟು ಅಂದರೆ ಐನೂರು ರೂಪಾಯಿ. ವಾಚು ಅಂದರೆ ಯಾರದಾದರೂ ಕಣ್ಣು ಬಿದ್ದೀತು, ಬೆಲೆ ಬರೆದರೆ ಚಾರ್ಜು ಏರೀತು ಎಂಬ ಎರಡು ಭಯ ಆ ಸುಳ್ಳಿನ ಹಿಂದಿವೆ.

ನಾನೂ ಒಮ್ಮೆ ಹಾಗೇ ಹೇಳಿದ್ದೆ. ಪುಣೆಯ ಒಬ್ಬರಿಗೆ ಹದಿನೆಂಟು ಸಾವಿರಕ್ಕೆ ಮಾರಿದ ಫಾವ್ರ್-ಲ್ಯೂಬಾ ಸೀ ಚೀಫ್ ಅದು. ಬೆಳ್ಳಿ ಬಣ್ಣದ ಡಯಲ್, ಒಂದು ಕಲೆಯೂ ಇಲ್ಲದ್ದು. ಸ್ಲಿಪ್ಪಿನಲ್ಲಿ 'ಗಿಫ್ಟ್ ಐಟಂ, 500' ಎಂದು ನನ್ನ ಕೈಯಾರೆ ಬರೆದೆ. ಐದು ದಿನದ ಮೇಲೆ ಅವರಿಗೆ ತಲುಪಿದ್ದು ಟೇಪು ಬಿಚ್ಚಿ ಮತ್ತೆ ಅಂಟಿಸಿದ್ದ ಖಾಲಿ ಡಬ್ಬಿ. ಕೊರಿಯರ್‌ನವರು ವಾದಕ್ಕೇ ನಿಲ್ಲಲಿಲ್ಲ. ನೀವು ಬರೆದ ಐನೂರನ್ನು ಕೊಡುತ್ತೇವೆ ಅಂದರು. ಪುಣೆಯವರಿಗೆ ಪೂರ್ತಿ ಹಣ ಹಿಂದಿರುಗಿಸಿದೆ. ಕದ್ದವರು ಯಾರು ಎಂಬುದು ಇವತ್ತಿಗೂ ತಿಳಿದಿಲ್ಲ. ಆದರೆ ಕದ್ದದ್ದನ್ನು ಕೇಳುವ ಹಕ್ಕನ್ನು ಕಳೆದುಕೊಂಡದ್ದು ನನ್ನ ಬರಹದಿಂದಲೇ.

ಈ ವಾರ ಇದನ್ನೇ ಬರೆಯಲು ಕಾರಣವಿದೆ. ವಾಚು ಮಾರುವುದು ಈಗ ಅಂಗಡಿಯವರ ಕೆಲಸವಾಗಿ ಉಳಿದಿಲ್ಲ. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ ಬೆಂಗಳೂರಿನಲ್ಲಿ ಎಚ್‌ಎಂಟಿ ವಾಚು ತಯಾರಿಕೆ ಶುರುವಾಯಿತು. ಅಲ್ಲಿಂದ ಮುಂದಿನ ಎರಡು ಮೂರು ದಶಕ ಹುಟ್ಟಿದ ಜನತಾ, ಪೈಲಟ್, ಕೋಹಿನೂರ್, ಕಾಂಚನ್ ನಮ್ಮ ಮನೆಗಳ ಬೀರುಗಳಲ್ಲಿ ಇನ್ನೂ ಇವೆ. 2016ರಲ್ಲಿ ಎಚ್‌ಎಂಟಿ ವಾಚಸ್ ಮುಚ್ಚುವ ತೀರ್ಮಾನವಾದ ಮೇಲೆ ಅವಕ್ಕೆ ಹೊಸ ಕಣ್ಣುಗಳು ಬಿದ್ದವು. ಅಜ್ಜನ ಒಮೆಗಾ, ಮಾವನ ಟಿಸ್ಸೋ, ವೆಸ್ಟ್ ಎಂಡ್ ಕಂಪನಿಯ ಸೋವಾರ್ ಪ್ರೈಮಾ ಎಲ್ಲವೂ ಮೊಬೈಲಿನಲ್ಲೇ ಕೈ ಬದಲಾಗುತ್ತಿವೆ. ಚೌಕಾಶಿ ಮಾಡುವುದು ಎಲ್ಲರಿಗೂ ಬರುತ್ತದೆ. ಫೋಟೋ ತೆಗೆಯುವುದನ್ನೂ ಕಲಿತಿದ್ದಾರೆ. ಕಳಿಸುವ ವಿದ್ಯೆಯನ್ನು ಮಾತ್ರ ಯಾರೂ ಕಲಿಸಿಲ್ಲ.

ಆ ವಿದ್ಯೆ ಬಲ್ಲವರೊಬ್ಬರ ಕತೆ ಕೇಳಿ. 1958ರ ನವೆಂಬರಿನಲ್ಲಿ ನ್ಯೂಯಾರ್ಕಿನ ಆಭರಣ ವ್ಯಾಪಾರಿ ಹ್ಯಾರಿ ವಿನ್‌ಸ್ಟನ್, ನಮ್ಮ ಗೋಲ್ಕೊಂಡದ ಗಣಿಸೀಮೆಯಲ್ಲಿ ಹುಟ್ಟಿದ್ದೆಂದು ಹೇಳುವ ಹೋಪ್ ವಜ್ರವನ್ನು ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಸಂಸ್ಥೆಗೆ ದಾನ ಕೊಟ್ಟರು. ಕಳಿಸಿದ್ದು ಬಂದೂಕಿನ ಕಾವಲಿನಲ್ಲಲ್ಲ, ಕಂದು ಕಾಗದ ಸುತ್ತಿದ ಪೆಟ್ಟಿಗೆಯಲ್ಲಿ, ರಿಜಿಸ್ಟರ್ಡ್ ಅಂಚೆಯಲ್ಲಿ. ಒಟ್ಟು ಖರ್ಚು 145 ಡಾಲರ್ 29 ಸೆಂಟ್. ಅದರಲ್ಲಿ ಅಂಚೆವೆಚ್ಚ ಬರೀ 2 ಡಾಲರ್ 44 ಸೆಂಟ್. ಉಳಿದದ್ದೆಲ್ಲ ಹತ್ತು ಲಕ್ಷ ಡಾಲರಿನ ವಿಮೆಗೆ. ಆ ಕಂದು ಕಾಗದ ಈಗ ಅಲ್ಲಿನ ಅಂಚೆ ವಸ್ತುಸಂಗ್ರಹಾಲಯದಲ್ಲಿದೆ. ಜೀವಮಾನವಿಡೀ ವಜ್ರ ವ್ಯಾಪಾರ ಮಾಡಿದ ಮನುಷ್ಯ ದುಡ್ಡನ್ನು ಎಲ್ಲಿ ಸುರಿದರು, ಎಲ್ಲಿ ಉಳಿಸಿದರು ನೋಡಿ. ನಾವು ಮಾಡುವುದು ಇದರ ತಿರುಗುಮುರುಗು. ಬೇಗ ಮುಟ್ಟಲಿ ಎಂದು ಎಕ್ಸ್‌ಪ್ರೆಸ್ ದರ ಕೊಡುತ್ತೇವೆ, ವಿಮೆಯ ಮಾತು ಬಂದರೆ ಬೇಡ ಅನ್ನುತ್ತೇವೆ.

ಸ್ಲಿಪ್ಪಿನ ಹಿಂದೆ ಇರುವೆ ಸಾಲಿನಂಥ ಅಕ್ಷರಗಳಲ್ಲಿ ಅಚ್ಚಾದದ್ದನ್ನು ನಾವು ಓದುವುದಿಲ್ಲ. ಓದದಿದ್ದರೂ ಅದು ನಮ್ಮನ್ನು ಕಟ್ಟಿಹಾಕುತ್ತದೆ. 1996ರಲ್ಲಿ ಭಾರತಿ ನಿಟ್ಟಿಂಗ್ ಕಂಪನಿ ಮತ್ತು ಡಿಎಚ್‌ಎಲ್ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಖಚಿತವಾಗಿ ಹೇಳಿತು. ಜರ್ಮನಿಗೆ ಉಡುಪು ಕಳಿಸಿದ್ದ ಕಂಪನಿ ಅದರ ದಾಖಲೆಗಳನ್ನು ಕೊರಿಯರಿಗೆ ಕೊಟ್ಟಿತ್ತು. ಲಕೋಟೆ ತಲುಪಲಿಲ್ಲ. ಇನ್ನೊಂದು ಪ್ರತಿ ಮುಟ್ಟುವಷ್ಟರಲ್ಲಿ ಬೇಸಿಗೆ ಉಡುಪಿನ ಕಾಲ ಮುಗಿದು, ಕೊಳ್ಳುವವರು ಬೆಲೆ ಇಳಿಸಿದರು. ನಷ್ಟ ನಾಲ್ಕು ಲಕ್ಷ ರೂಪಾಯಿಗೂ ಮೇಲೆ. ಸಹಿ ಹಾಕಿದ ಚೀಟಿಯಲ್ಲಿ ಹೊಣೆ 100 ಡಾಲರಿಗೆ ಸೀಮಿತ ಎಂದು ಅಚ್ಚಾಗಿತ್ತು. ಸಿಕ್ಕಿದ್ದು ಅಷ್ಟೇ. ಹೆಚ್ಚಿನ ಬೆಲೆಯನ್ನು ಬರಹದಲ್ಲಿ ಘೋಷಿಸಿ, ಅದಕ್ಕೆ ತಕ್ಕ ದರ ಕಟ್ಟದ ಹೊರತು 2007ರ ರಸ್ತೆ ಸಾಗಣೆ ಕಾಯಿದೆ ಮತ್ತು ಅದರಡಿಯ ನಿಯಮಗಳ ಪ್ರಕಾರವೂ ಸಾಗಣೆದಾರರ ಹೊಣೆ ಬಾಡಿಗೆಯ ಹತ್ತು ಪಟ್ಟಿಗೆ ನಿಲ್ಲುತ್ತದೆ. 150 ರೂಪಾಯಿ ಕೊಟ್ಟು ಕಳಿಸಿದ ಒಮೆಗಾಕ್ಕೆ 1500. ಕೊರಿಯರ್ ಏಜೆನ್ಸಿಗಳೂ ಈ ಕಾಯಿದೆಯೊಳಗೇ ಬರುತ್ತವೆ.

ಕೊರಿಯರಿನವರ ಭಾಷೆಯಲ್ಲಿ ಎರಡು ಮಾತಿವೆ: ಓನರ್ಸ್ ರಿಸ್ಕ್, ಕ್ಯಾರಿಯರ್ಸ್ ರಿಸ್ಕ್. ಮೊದಲನೆಯದರಲ್ಲಿ ಸಾಮಾನು ಕಳೆದರೆ ಹೊಣೆ ನಿಮ್ಮದು, ಎರಡನೆಯದರಲ್ಲಿ ಅವರದು. ಎರಡನೆಯದಕ್ಕೆ ಬೆಲೆಯ ಇಷ್ಟು ಶೇಕಡಾ ಎಂದು ಹೆಚ್ಚುವರಿ ವಸೂಲು ಮಾಡುತ್ತಾರೆ. ಬಿಲ್ಲಿನಲ್ಲಿ ಅದು ಎಫ್‌ಒವಿ ಎಂದು ಕಾಣುತ್ತದೆ. ಓನರ್ಸ್ ರಿಸ್ಕಿನಲ್ಲೂ ಚಿಕ್ಕ ಮೊತ್ತದ ಎಫ್‌ಒವಿ ಹಾಕುವುದುಂಟು. ಅದನ್ನೇ ವಿಮೆ ಎಂದುಕೊಂಡು ನೆಮ್ಮದಿಯಿಂದ ಮನೆಗೆ ಹೋದವರನ್ನು ಬಲ್ಲೆ. 'ಕ್ಯಾರಿಯರ್ಸ್ ರಿಸ್ಕ್ ಎಂದು ಸ್ಲಿಪ್ಪಿನ ಮೇಲೆ ಬರೆದುಕೊಡಿ' ಎಂದು ಕೇಳಿ. ಜೊತೆಗೆ, ಅವರ ನಿಷೇಧಿತ ವಸ್ತುಗಳ ಪಟ್ಟಿಯಲ್ಲಿ ಆಭರಣದ ಜೊತೆ ಬೆಲೆಬಾಳುವ ವಾಚೂ ಇದೆಯೇ ನೋಡಿ. ಇದ್ದರೆ ಅಲ್ಲಿಂದ ಎದ್ದು ಬನ್ನಿ.

ನನ್ನ ನಿಲುವು ಇಷ್ಟು. ವಾಚಿನ ನಿಜವಾದ ಬೆಲೆಗೆ ಎದುರಿನವರು ಕಾಗದದ ಮೇಲೆ ಹೊಣೆ ಹೊರುವುದಿಲ್ಲ ಅಂದರೆ, ಅದು ಅವರ ಕೈಗೆ ಹೋಗಕೂಡದು.

ಅಂಚೆ ಇಲಾಖೆಯ ಬಗ್ಗೆ ನನಗೆ ಮೊದಲಿಂದಲೂ ಗೌರವ. 2025ರಲ್ಲಿ ರಿಜಿಸ್ಟರ್ಡ್ ಪೋಸ್ಟ್ ಸ್ಪೀಡ್ ಪೋಸ್ಟಿನೊಳಗೆ ಸೇರಿಹೋಯಿತು. ಆದರೆ ವಿಳಾಸದಾರರ ಕೈಗೇ ಕೊಡಬೇಕೆನ್ನುವ ನೋಂದಣಿಯನ್ನೂ ಒಟಿಪಿ ಹೇಳಿದರಷ್ಟೇ ಕೊಡುವ ವ್ಯವಸ್ಥೆಯನ್ನೂ ಸ್ಪೀಡ್ ಪೋಸ್ಟಿಗೆ ಸೇರಿಸಿಕೊಳ್ಳಬಹುದು. ಒಂದೊಂದಕ್ಕೆ 5 ರೂಪಾಯಿ, ಮೇಲೆ ಜಿಎಸ್‌ಟಿ. ಇಷ್ಟು ಅಗ್ಗದ ಕಾವಲು ಬೇರೆಲ್ಲೂ ಇಲ್ಲ. ಆದರೆ ಇವು ವಿಮೆಯಲ್ಲ. ವಿಮೆ ಮಾಡಿಸದ ಸ್ಪೀಡ್ ಪೋಸ್ಟ್ ಕಳೆದರೆ ಬರುವ ಪರಿಹಾರ ಅಂಚೆವೆಚ್ಚದ ಎರಡರಷ್ಟು ಅಥವಾ 1000 ರೂಪಾಯಿ, ಎರಡರಲ್ಲಿ ಯಾವುದು ಕಡಿಮೆಯೋ ಅದು. ವಿಮೆಯನ್ನು ಬೇರೆಯಾಗಿ ಕೇಳಬೇಕು. ಅದಕ್ಕೆ ಮೇಲ್ಮಿತಿ ಇದೆ, ನಿಜ ಬೆಲೆಗಿಂತ ಹೆಚ್ಚಿಗೆ ಮಾಡಿಸುವಂತಿಲ್ಲ. ಹಳೆಯ ಪೋಸ್ಟ್ ಮಾಸ್ತರರು ವಿಮೆ ಪಾರ್ಸೆಲಿನ ಪ್ರತಿ ಅಂಚಿಗೂ ಅರಗು ಹಾಕಿಸಿ, ಒಂದೇ ಖಾಸಗಿ ಮುದ್ರೆ ಒತ್ತಿಸುತ್ತಿದ್ದರು. ನಾಣ್ಯದ ಮುದ್ರೆ ಒತ್ತಿದರೆ ಒಪ್ಪುತ್ತಿರಲಿಲ್ಲ, ಯಾರು ಬೇಕಾದರೂ ಒತ್ತಬಹುದಲ್ಲ. ಆ ನಿಯಮ ಬರೆದವರಿಗೆ ಕಳ್ಳತನ ಹೇಗೆ ನಡೆಯುತ್ತದೆಂದು ಚೆನ್ನಾಗಿ ಗೊತ್ತಿತ್ತು.

ಇನ್ನು ಕಟ್ಟುವ ಕೆಲಸ. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು, ಏಕೆಂದರೆ ಸರಿಯಾಗಿ ಕಟ್ಟದ ಸಾಮಾನಿನ ಹಾನಿಗೆ ಸಾಗಣೆ ವಿಮೆ ಹಣ ಕೊಡುವುದಿಲ್ಲ. ಪಾಲಿಸಿಗಳಲ್ಲೇ ಹಾಗೆ ಹೊರಗಿಟ್ಟಿರುತ್ತಾರೆ.

ವಾಚಿನ ಹೃದಯದಂತಿರುವ ಬ್ಯಾಲೆನ್ಸ್ ಚಕ್ರ ನಿಂತಿರುವ ಮೊನೆಯ ದಪ್ಪ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು, ಕೆಲವದರಲ್ಲಿ ಇನ್ನೂ ಕಡಿಮೆ. ಹತ್ತಿರ ಹತ್ತಿರ ತಲೆಗೂದಲಿನಷ್ಟು. 1930ರ ದಶಕದಲ್ಲಿ ಇನ್‌ಕಾಬ್ಲಾಕ್‌ನಂಥ ಆಘಾತ ತಡೆಯುವ ಸ್ಪ್ರಿಂಗುಗಳು ಬಂದ ಮೇಲೆ ಅದು ಪೆಟ್ಟು ತಾಳುತ್ತದೆ. ಅದಕ್ಕಿಂತ ಹಿಂದಿನ ವಾಚು ಮೇಜಿನೆತ್ತರದಿಂದ ಬಿದ್ದರೂ ಮೊನೆ ಮುರಿಯಬಹುದು. ಹೊರಗೆ ಒಂದು ಗೀರೂ ಕಾಣದು, ವಾಚು ಮಾತ್ರ ನಡೆಯದು.

ಕೀ ಕೊಡಬೇಡಿ, ತಾನಾಗಿ ನಿಲ್ಲಲಿ. ಕೀ ಕೊಡುವ ಕಿರೀಟವನ್ನು ಒಳಕ್ಕೆ ಒತ್ತಿ. ತಿರುಪಿನದಾದರೆ ಬಿಗಿ ಮಾಡಿ. ಕಂಪನಿಯ ಡಬ್ಬಿಯ ದಿಂಬಿಗೆ ತೊಡಿಸಿ ಕಳಿಸುವುದು ನೋಡಲು ಚೆಂದ, ಆದರೆ ದಾರಿಯಲ್ಲಿ ದಿಂಬು ಕಳಚಿ ವಾಚು ಡಬ್ಬಿಯ ಗೋಡೆಗೆ ಬಡಿಯುತ್ತಾ ಹೋಗುತ್ತದೆ. ಮುಚ್ಚಳಕ್ಕೆ ಅಯಸ್ಕಾಂತ ಇರುವ ಗಿಫ್ಟ್ ಬಾಕ್ಸು ಬೇಡವೇ ಬೇಡ. ಕೂದಲೆಳೆಯ ಸ್ಪ್ರಿಂಗಿಗೆ ಅಯಸ್ಕಾಂತ ತಗುಲಿದರೆ ಸುರುಳಿಗಳು ಒಂದಕ್ಕೊಂದು ಅಂಟಿ ವಾಚು ವೇಗವಾಗಿ ಓಡತೊಡಗುತ್ತದೆ. ಲೋಹದ ಚೈನಿದ್ದರೆ ಅದರ ಕೊಂಡಿಗೂ ವಾಚಿನ ಬೆನ್ನಿಗೂ ನಡುವೆ ಹತ್ತಿಬಟ್ಟೆ ಇಡಿ. ಬಟ್ಟೆಯಲ್ಲಿ ಸುತ್ತಿ, ಅಡುಗೆಮನೆಯ ಪುಟ್ಟ ಗಟ್ಟಿ ಡಬ್ಬಿಗೆ ಹಾಕಿ. ಆ ಡಬ್ಬಿಗೆ ಗುಳ್ಳೆ ಪ್ಲಾಸ್ಟಿಕ್ ಸುತ್ತಿ. ಎಲ್ಲ ಕಡೆಯೂ ಎರಡು ಬೆರಳಗಲ ಮೆತ್ತೆ ಹಿಡಿಸುವಂಥ ದಪ್ಪ ರಟ್ಟಿನ ಪೆಟ್ಟಿಗೆಯೊಳಗಿಡಿ. ಅಲ್ಲಾಡಿಸಿದರೆ ಸದ್ದು ಬರಬಾರದು. ಪೆಟ್ಟಿಗೆ ದೊಡ್ಡದಿರಲಿ, ಜೇಬಿಗೆ ಇಳಿಯುವಂಥ ಪಾರ್ಸೆಲ್ ಜೇಬಿಗೇ ಇಳಿಯುತ್ತದೆ. ಹೊರಗೆ ಕಂಪನಿಯ ಹೆಸರಿರುವ ಟೇಪಾಗಲಿ 'ವಾಚ್' ಎಂಬ ಅಕ್ಷರವಾಗಲಿ ಇರಬಾರದು. ಘೋಷಣೆಯ ಕಾಗದದಲ್ಲಿ ಮಾತ್ರ ಇದ್ದದ್ದು ಇದ್ದಂತೆಯೇ ಬರೆಯಿರಿ. ಪೆಟ್ಟಿಗೆಯ ಮೇಲೆ ಮೌನ, ಕಾಗದದಲ್ಲಿ ಸತ್ಯ. ಎರಡಕ್ಕೂ ಜಗಳವಿಲ್ಲ.

ಕಟ್ಟುವುದನ್ನು ಒಂದೇ ಓಟದ ವಿಡಿಯೋ ಮಾಡಿ: ಸೀರಿಯಲ್ ನಂಬರಿನಿಂದ ಶುರುವಾಗಿ ಕೊನೆಯ ಟೇಪಿನವರೆಗೆ. ಆಮೇಲೆ ತೂಕ. ನನ್ನ ಮಟ್ಟಿಗೆ ಇದು ವಿಡಿಯೋಗಿಂತ ದೊಡ್ಡ ಸಾಕ್ಷಿ. ಬುಕಿಂಗಿನಲ್ಲಿ ಗ್ರಾಮಿನವರೆಗೆ ತೂಗಿಸಿ ರಸೀದಿಯಲ್ಲಿ ಬರೆಸಿ. ಕೊಂಡವರೂ ಬಿಚ್ಚುವ ಮೊದಲು ತೂಗಿ ಫೋಟೋ ತೆಗೆಯಲಿ. ದಾರಿಯಲ್ಲಿ ಎಂಬತ್ತು ಗ್ರಾಂ ಇಳಿದಿದ್ದರೆ ಮಿಕ್ಕ ಮಾತು ಬೇಕಿಲ್ಲ. ಸೋಮವಾರ ಬುಕ್ ಮಾಡಿ. ಶುಕ್ರವಾರ ಕೊಟ್ಟದ್ದು ಭಾನುವಾರವಿಡೀ ಯಾವುದೋ ಗೋದಾಮಿನಲ್ಲಿ ಬಿದ್ದಿರುತ್ತದೆ.

ಇನ್ನೊಂದು ವಿಷಯ. ಬೇರೆ ಒಪ್ಪಂದ ಇಲ್ಲದಿದ್ದರೆ, 1930ರ ಸರಕು ಮಾರಾಟ ಕಾಯಿದೆಯ ಪ್ರಕಾರ ಸಾಗಣೆದಾರರಿಗೆ ಒಪ್ಪಿಸಿದ್ದನ್ನೇ ಕೊಂಡವರಿಗೆ ಒಪ್ಪಿಸಿದಂತೆ ಎಣಿಸುವುದು ವಾಡಿಕೆ. ಹೀಗಾಗಿ ದಾರಿಯ ಹೊಣೆ ಯಾರದು ಎಂಬುದನ್ನು ಹಣ ಬರುವ ಮೊದಲೇ ಒಂದು ಸಾಲಿನಲ್ಲಿ ಬರೆದುಕೊಳ್ಳಿ. 'ನಿಮ್ಮ ಕೈ ಸೇರುವತನಕ ಹೊಣೆ ನನ್ನದು, ವಿಮೆಯ ಖರ್ಚು ನಿಮ್ಮದು' ಎಂದು ನಾನು ಬರೆಯುತ್ತೇನೆ. ಇದುವರೆಗೆ ಯಾರೂ ಬೇಡ ಅಂದಿಲ್ಲ. ಹಣ ಬಂತೆಂಬ ಸ್ಕ್ರೀನ್‌ಶಾಟನ್ನು ನಂಬಬೇಡಿ, ನಿಮ್ಮ ಖಾತೆ ನೋಡಿ. ವಾಚು ಕಳೆದೇ ಹೋದರೆ ಫೋನಿನಲ್ಲಿ ಕೂಗಾಡಿ ಸುಮ್ಮನಾಗಬೇಡಿ. ಬುಕ್ ಮಾಡಿದ ದಿನದಿಂದ 180 ದಿನದೊಳಗೆ ಬರಹದಲ್ಲಿ ನೋಟಿಸ್ ಕೊಡದೆ ರಸ್ತೆ ಸಾಗಣೆದಾರರ ಮೇಲೆ ದಾವೆ ಹೂಡಲಾಗದು.

ಹೊರದೇಶಕ್ಕೆ ಕಳಿಸುವವರಿಗೆ ಎರಡೇ ಎಚ್ಚರಿಕೆ. ನೂರು ವರ್ಷ ದಾಟಿದ ಜೇಬುಗಡಿಯಾರ 1972ರ ಪುರಾತನ ವಸ್ತುಗಳ ಕಾಯಿದೆಯ ಕೈಗೆ ಸಿಗಬಹುದು. ಆ ಕಾಯಿದೆಯಡಿ ಪುರಾತನ ವಸ್ತುವನ್ನು ಖಾಸಗಿಯವರು ದೇಶದಾಚೆ ಕಳಿಸುವಂತಿಲ್ಲ. ವಯಸ್ಸಿನ ಬಗ್ಗೆ ಅನುಮಾನವಿದ್ದರೆ ಪುರಾತತ್ವ ಸರ್ವೇಕ್ಷಣಾ ಇಲಾಖೆಯಿಂದ ಅದು ಪುರಾತನ ವಸ್ತುವಲ್ಲ ಎಂಬ ಪ್ರಮಾಣಪತ್ರ ಪಡೆಯಿರಿ. ಎರಡನೆಯದು ಮೊಸಳೆ ಚರ್ಮದ ಬೆಲ್ಟು. ವನ್ಯಜೀವಿ ವ್ಯಾಪಾರದ ಅಂತರರಾಷ್ಟ್ರೀಯ ನಿರ್ಬಂಧ ಅದಕ್ಕಿದೆ. ಬಿಚ್ಚಿಟ್ಟು ವಾಚನ್ನಷ್ಟೇ ಕಳಿಸಿ.

ಲಕ್ಷಗಳ ವಾಚಾದರೆ ಚಿನ್ನ, ವಜ್ರ ಸಾಗಿಸುವ ಸೀಕ್ವೆಲ್, ಬಿವಿಸಿ, ಬ್ರಿಂಕ್ಸ್‌ನಂಥ ಸಂಸ್ಥೆಗಳಿವೆ. ಅವರ ಗಿರಾಕಿಗಳು ಹೆಚ್ಚಾಗಿ ವ್ಯಾಪಾರಿಗಳು. ಪರಿಚಯದ ಆಭರಣ ಅಂಗಡಿಯವರ ಮೂಲಕ ವಿಚಾರಿಸಿದರೆ ದಾರಿ ಸಿಕ್ಕೀತು. ಇಲ್ಲವಾದರೆ ರೈಲು ಹತ್ತಿ ನೀವೇ ಹೋಗಿ. ಕೊಂಡವರ ಊರಿನ ವಾಚ್ ರಿಪೇರಿಯವರ ಮುಂದೆ ಬೆನ್ನು ತೆಗೆಸಿ ತೋರಿಸಿ, ಹಣ ಖಾತೆಗೆ ಬಂದ ಮೇಲೆ ಕೈಗಿಡಿ. ನಾನು ಎರಡು ಬಾರಿ ಹಾಗೆ ಹೋಗಿದ್ದೇನೆ. ಎರಡೂ ಕಡೆ ಊಟ ಹಾಕಿ ಕಳಿಸಿದರು.

ಕಳೆದ ತಿಂಗಳು ಬೆಳಗಾವಿಯವರೊಬ್ಬರಿಗೆ 62,000ಕ್ಕೆ ಕೀ ಕೊಡುವ ಒಮೆಗಾ ಸೀಮಾಸ್ಟರ್ ಮಾರಿದೆ. ಹುಡುಗ ಎಂದಿನಂತೆ ಕೇಳಿದ. 'ಹಳೆಯ ಕೈಗಡಿಯಾರ, ಒಂದು, ಅರವತ್ತೆರಡು ಸಾವಿರ' ಅಂದೆ. ಅವನು ತಲೆಯೆತ್ತಿದ. ಒಳಗೆ ಹೋಗಿ ಮ್ಯಾನೇಜರನ್ನು ಕರೆತಂದ. ಮ್ಯಾನೇಜರ್ ಬೆಲೆಯನ್ನು ಅಂಕಿಯಲ್ಲೂ ಅಕ್ಷರದಲ್ಲೂ ಬರೆದು, ಕ್ಯಾರಿಯರ್ಸ್ ರಿಸ್ಕ್ ಎಂದು ಗುರುತು ಹಾಕಿ, ಸೀಲು ಒತ್ತಿ ಸಹಿ ಮಾಡಿದರು. ಬಾಡಿಗೆಗಿಂತ ಅದರ ಚಾರ್ಜೇ ಹಲವು ಪಟ್ಟು ಹೆಚ್ಚಾಯಿತು. ತೂಕ 640 ಗ್ರಾಂ. ಗುರುವಾರ ಮಧ್ಯಾಹ್ನ ಬೆಳಗಾವಿಯಿಂದ ಫೋಟೋ ಬಂತು: ಬಿಚ್ಚದ ಪೆಟ್ಟಿಗೆ, ಅಡುಗೆಮನೆಯ ತಕ್ಕಡಿ, 640 ಗ್ರಾಂ.