ಹರಿದ ಅಂಗಿಯ ಚಿತ್ರ

ಜೋಡಿ ಚಿತ್ರಗಳು. ಮೊದಲನೆಯದರಲ್ಲಿ ಹರಕು ಬಟ್ಟೆಯ ಹುಡುಗ. ಎರಡನೆಯದರಲ್ಲಿ ಅದೇ ಹುಡುಗ ಶುಭ್ರವಾಗಿ, ಕಸುಬು ಕಲಿಯುವವನಂತೆ ನಿಂತಿದ್ದಾನೆ. ಅಂದು ಅಲೆಮಾರಿ, ಇಂದು ಕೆಲಸಗಾರ ಎಂಬುದು ಕೆಳಗಿನ ಬರಹದ ಅರ್ಥ. 1870ರ ದಶಕದಲ್ಲಿ ಲಂಡನ್ನಿನ ಥಾಮಸ್ ಬರ್ನಾರ್ಡೋ ಇಂಥ ಚಿತ್ರಗಳನ್ನು ಅಚ್ಚು ಹಾಕಿಸಿ, ಮಾರಿ, ಅನಾಥ ಮಕ್ಕಳ ಮನೆಗಳಿಗೆ ಹಣ ಕೂಡಿಸಿದ. ಒಳ್ಳೆಯ ಕತೆಯೊಂದನ್ನು ಓದಿದಾಗ ಆಗುವ ಸಮಾಧಾನ ಇವನ್ನು ನೋಡಿದಾಗಲೂ ಆಗುತ್ತದೆ. ಆ ಸಮಾಧಾನದ ಬಗೆಗೇ ನನ್ನ ತಕರಾರು.

ಮೊದಲು ಆ ಮನುಷ್ಯನಿಗೆ ಸಲ್ಲಬೇಕಾದುದನ್ನು ಸಲ್ಲಿಸೋಣ. ಡಬ್ಲಿನ್ನಿನಲ್ಲಿ ಹುಟ್ಟಿದ ಬರ್ನಾರ್ಡೋ ವೈದ್ಯ ಮಿಷನರಿಯಾಗಿ ಚೀನಾಕ್ಕೆ ಹೋಗಬೇಕೆಂದು 1866ರಲ್ಲಿ ಲಂಡನ್ನಿಗೆ ಬಂದವನು. ಆ ವರ್ಷ ನಗರದ ಪೂರ್ವ ಭಾಗದ ಬಡಕೇರಿಗಳಲ್ಲಿ ಕಾಲರಾ ಹಬ್ಬಿತ್ತು. ಅಲ್ಲಿನ ಮಕ್ಕಳನ್ನು ಕಂಡವನು ಚೀನಾ ಮರೆತ. 1867ರಲ್ಲಿ ಬಡಮಕ್ಕಳ ಶಾಲೆ, 1870ರಲ್ಲಿ ಸ್ಟೆಪ್ನಿಯಲ್ಲಿ ಹುಡುಗರ ಮನೆ ತೆರೆದ. ಜಾಗವಿಲ್ಲವೆಂದು ಹಿಂದಕ್ಕೆ ಕಳಿಸಿದ ಹುಡುಗನೊಬ್ಬ ಸತ್ತುಬಿದ್ದದ್ದು ತಿಳಿದ ಮೇಲೆ, ದಿಕ್ಕಿಲ್ಲದ ಯಾವ ಮಗುವನ್ನೂ ಹಿಂದಕ್ಕೆ ಕಳಿಸುವುದಿಲ್ಲವೆಂದು ಬಾಗಿಲಿಗೇ ಬರೆಸಿದ. 1873ರಲ್ಲಿ ಸೈರಿ ಎಲ್ಮ್ಸ್ಲಿಯನ್ನು ಮದುವೆಯಾದ. ಮದುವೆಗೆ ಉಡುಗೊರೆಯಾಗಿ ದೊರೆತ ಬಾರ್ಕಿಂಗ್‌ಸೈಡಿನ ಮನೆಯಲ್ಲೇ ಗಂಡಹೆಂಡತಿ ಹುಡುಗಿಯರಿಗೆ ಆಶ್ರಯ ಕೊಟ್ಟರು. ಉಡುಗೊರೆಯ ಮನೆಯನ್ನು ಹೀಗೆ ಬಿಟ್ಟುಕೊಟ್ಟ ಹೊಸ ಮದುವಣಗಿತ್ತಿಯ ಬಗ್ಗೆ ನನಗೆ ಗೌರವವಿದೆ. 1905ರಲ್ಲಿ ಆತ ತೀರಿಕೊಂಡಾಗ ಸಂಸ್ಥೆಯ ಆಸರೆಯಲ್ಲಿ 8,500ಕ್ಕೂ ಹೆಚ್ಚು ಮಕ್ಕಳಿದ್ದರು.

ಆದರೆ 1877ರಲ್ಲಿ ಆ ಚಿತ್ರಗಳು ಪಂಚಾಯಿತಿಯ ಮುಂದೆ ಬಂದವು. ಬಟ್ಟೆಗಳನ್ನು ಬೇಕೆಂದೇ ಹರಿಯಲಾಗಿದೆ, ಮಕ್ಕಳನ್ನು ಇದ್ದುದಕ್ಕಿಂತ ದೀನವಾಗಿ ತೋರಿಸಲಾಗಿದೆ ಎಂಬ ಆರೋಪ. ಈ ಚಿತ್ರಗಳು ಒಂದು ಮಗುವಿನವಲ್ಲ, ಅಂಥ ಮಕ್ಕಳೆಲ್ಲರ ಪ್ರತಿನಿಧಿ ಎಂದು ಬರ್ನಾರ್ಡೋ ಸಮರ್ಥಿಸಿಕೊಂಡ. ಪಂಚರು ಬಹುಪಾಲು ಆರೋಪಗಳಿಂದ ಅವನನ್ನು ಬಿಡುಗಡೆ ಮಾಡಿದರೂ ಕಲಾತ್ಮಕ ಕಟ್ಟುಕತೆ ಎಂದು ಈ ಚಿತ್ರಗಳನ್ನು ಖಂಡಿಸಿದರು.

ಅವನ ಸಮರ್ಥನೆ ತೀರ ಪೊಳ್ಳೇನಲ್ಲ. ಬಡತನ ಸುಳ್ಳಾಗಿರಲಿಲ್ಲ. ಕಾದಂಬರಿಕಾರನೂ ಹತ್ತು ಜನರ ಪಾಡನ್ನು ಒಬ್ಬನಲ್ಲಿ ಇಡುತ್ತಾನೆ. ಆದರೆ ಕಾದಂಬರಿಯ ಹುಡುಗ ಮರುದಿನ ಬೀದಿಗೆ ಬರಬೇಕಾಗಿಲ್ಲ. ಚಿತ್ರದ ಹುಡುಗನ ಮುಖ ಅವನದೇ. ಇನ್ನೊಂದು ಮಾತು: ಹರಕು ಬಟ್ಟೆಗೂ ಶುಭ್ರ ಬಟ್ಟೆಗೂ ನಡುವೆ ಸಂಸ್ಥೆಯೊಂದೇ ಇದೆ. ಅಲ್ಲಿಯವರೆಗೆ ಆ ಮಗುವನ್ನು ಸಾಕಿದ ತಾಯಿ ಎಲ್ಲಿ? ಅವಳಿಗೆ ಚೌಕಟ್ಟಿನಲ್ಲಿ ಜಾಗವಿಲ್ಲ. ಒಮ್ಮೆ ಅವಳು ಹೊರಗಾದರೆ ಮುಂದಿನದು ಸುಲಭ. 1882ರಿಂದ ಸಂಸ್ಥೆ ಮಕ್ಕಳ ತಂಡಗಳನ್ನು ಹಡಗು ಹತ್ತಿಸಿ ಕೆನಡಾಕ್ಕೆ ಕಳಿಸತೊಡಗಿತು. ಅನೇಕರಿಗೆ ಹೊಲಮನೆಗಳ ದುಡಿಮೆ, ತಬ್ಬಲಿತನ ಎರಡೂ ಸಿಕ್ಕವು. ಹಲವು ಸಂಸ್ಥೆಗಳು ಹೀಗೆ ಮಕ್ಕಳನ್ನು ಸಾಗಿಸಿದ್ದಕ್ಕಾಗಿ 2010ರಲ್ಲಿ ಬ್ರಿಟನ್ನಿನ ಪ್ರಧಾನಿ ಗಾರ್ಡನ್ ಬ್ರೌನ್ ಕ್ಷಮೆ ಕೇಳಿದರು.

ಇಷ್ಟು ಬರೆದು ಪೆನ್ನು ಕೆಳಗಿಡಬಹುದಿತ್ತು. ಇಡಲು ಮನಸ್ಸು ಒಪ್ಪುತ್ತಿಲ್ಲ.

ಹುಬ್ಬಳ್ಳಿಯಲ್ಲಿ ಕೂಲಿಕಾರರ ಓಣಿಯೊಂದರ ಶಾಲೆಯಲ್ಲಿ ನಾನಿದ್ದಾಗ ದಾನಿಗಳು ಕೆಲವರು ಸಮವಸ್ತ್ರ, ಪಾಟೀಚೀಲ ಕೊಡಲು ಮುಂದೆ ಬಂದರು. ಮಕ್ಕಳದು ಕೊಡುವ ಮೊದಲಿನದೊಂದು, ಕೊಟ್ಟ ಮೇಲಿನದೊಂದು ಫೋಟೋ ಬೇಕೆಂದರು. ಮೂರನೇ ಇಯತ್ತೆಯ ಹುಡುಗಿಗೆ, "ನಾಳೆ ಮನ್ಯಾಗಿನ ಹಳೇ ಫ್ರಾಕ್ ಹಾಕ್ಕೊಂಡು ಬಾ" ಎಂದೆ. ಮರುದಿನ ಅವಳ ಜೊತೆ ತಾಯಿಯೂ ಬಂದಳು. "ಅಕ್ಕೋರ, ಹಬ್ಬಕ್ಕ ಹೊಲಿಸಿದ್ದು ಒಂದ್ ಛಲೋ ಫ್ರಾಕ್ ಐತ್ರಿ. ಫೋಟೋಕ್ಕ ಅದನ್ನ ಹಾಕಬಾರದೇನ್ರಿ?" ಎಂದು ಕೇಳಿದಳು. ಕೈಯಲ್ಲಿ ಮಡಚಿದ ಆ ಫ್ರಾಕ್ ಇತ್ತು. "ಈಗ ಬ್ಯಾಡವಾ, ಅವರು ಹಳೇದಾಗಿಂದ ಕೇಳ್ಯಾರ" ಎಂದೆ. ಹುಡುಗಿ ಹರಿದ ಕಡೆಗೆ ಕೈ ಮುಚ್ಚಿಕೊಂಡು ನಿಂತಳು. ಕೈ ತೆಗೆ ಎಂದವಳೂ ನಾನೇ.

ಸಮವಸ್ತ್ರ ಬಂತು, ನಲವತ್ತು ಮಕ್ಕಳು ಹಾಕಿಕೊಂಡರು. ಅದನ್ನು ತಪ್ಪು ಎನ್ನಲಾರೆ. ಆದರೆ ಆ ತಾಯಿ ಕೇಳಿದ್ದು ಎಷ್ಟು ಸಣ್ಣದು! ತನ್ನ ಮಗಳಿಗೂ ಒಂದು ಹಬ್ಬದ ದಿನವಿದೆ ಎಂದು ನೋಡುವವರಿಗೆ ತಿಳಿಯಲಿ, ಇಷ್ಟೇ.

ಬರ್ನಾರ್ಡೋನ ಸಂಸ್ಥೆಯಲ್ಲಿ ಇನ್ನೊಂದು ಬಗೆಯ ಚಿತ್ರಗಳೂ ಇದ್ದವು. 1874ರಿಂದ ಒಳಬಂದ ಮಕ್ಕಳ ಮುಖಗಳನ್ನು ದಾಖಲೆಗೆಂದು ತೆಗೆಸಿಡುತ್ತಿದ್ದರು. ಮಾರಲಿಕ್ಕಲ್ಲ, ಗುರುತಿಗೆ. ಅವನ್ನೇ ಹುಡುಕಿಕೊಂಡು ಆ ಮಕ್ಕಳ ಮೊಮ್ಮಕ್ಕಳು, ಮರಿಮಕ್ಕಳು ಈಗ ಸಂಸ್ಥೆಗೆ ಬರೆಯುತ್ತಾರೆ. ಮಾರಿದ ಚಿತ್ರಗಳಲ್ಲಿ ನನಗೆ ಸಂಸ್ಥೆ ಕಾಣುತ್ತದೆ, ಈ ಸಾದಾ ಚಿತ್ರಗಳಲ್ಲಿ ಮಗು ಕಾಣುತ್ತದೆ.

ನಮ್ಮ ಶಾಲೆಯ ಫೋಟೋ ದಾನಿಗಳ ಪುಸ್ತಿಕೆಯಲ್ಲಿ ಅಚ್ಚಾಗಿ ಬಂತು. ಒಂದು ಪ್ರತಿ ನನ್ನ ಕಪಾಟಿನಲ್ಲಿದೆ. ಹಬ್ಬದ ಫ್ರಾಕಿನ ಬಣ್ಣ ಯಾವುದೆಂದು ನೆನಪು ಮಾಡಿಕೊಳ್ಳುತ್ತೇನೆ. ಆಗುವುದಿಲ್ಲ. ಅದು ಮಡಚಿದ್ದು ಮಡಚಿದ ಹಾಗೇ ಮನೆಗೆ ಹೋಯಿತು.